ಬಾಟಿಕ್ ಬಟ್ಟೆ ಮಾರಿ ಕಟ್ಟಿದ ಊರು

ಅಡ್ಯಾರು ದಾಟಿ ಮಹಾಬಲಿಪುರದ ಕಡೆಗೆ ಕಡಲ ಬದಿಯ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರು ಹೋದರೆ ಇಂಜಂಬಾಕ್ಕಂ ಬರುತ್ತದೆ. ಈಗ ಅದು ಚೆನ್ನೈನ ಒಂದು ಬಡಾವಣೆ. ಎಡಕ್ಕೂ ಬಲಕ್ಕೂ ಹೋಟೆಲು, ಮದುವೆ ಮಂಟಪ, ಬೀಚ್ ರೆಸಾರ್ಟು, ಆಳೆತ್ತರದ ಕಾಂಪೌಂಡಿನ ಬಂಗಲೆಗಳು. ಇವುಗಳ ನಡುವೆ ಒಂದು ಕಡೆ ಗೇಟಿನ ಒಳಗೆ ಕಲ್ಲಿನ, ಲೋಹದ ಶಿಲ್ಪಗಳು ಮರಗಳ ಕೆಳಗೆ ನಿಂತಿರುವುದು ಕಾಣುತ್ತದೆ. ಅದೇ ಚೋಳಮಂಡಲ ಕಲಾವಿದರ ಗ್ರಾಮ. 1966ರಲ್ಲಿ ಹುಟ್ಟಿದ ಈ ಊರಿಗೆ 2026ಕ್ಕೆ ಅರವತ್ತು. ಮನುಷ್ಯರಿಗಾದರೆ ಷಷ್ಟ್ಯಬ್ದಿ ಶಾಂತಿ ಮಾಡುತ್ತೇವೆ. ಊರಿಗೆ ಏನು ಮಾಡಬೇಕೋ ಶಾಸ್ತ್ರದಲ್ಲಿ ಹೇಳಿಲ್ಲ. ಸ್ಮರಣ ಸಂಚಿಕೆ ತರುವುದು ನಮ್ಮ ಕಾಲದ ಶಾಸ್ತ್ರ.

ನಮ್ಮಲ್ಲಿ ಕಲಾವಿದರ ಸಂಘಗಳು ಹುಟ್ಟುವುದು ಸುಲಭ. ನಾಲ್ಕು ಜನ ಗೆಳೆಯರು, ಒಂದು ರಬ್ಬರ್ ಸ್ಟ್ಯಾಂಪು, ಒಂದು ಉದ್ಘಾಟನೆ ಇದ್ದರೆ ಸಾಕು. ಐದನೆಯ ವರ್ಷಕ್ಕೆ ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಮಾತಿಲ್ಲ, ಹತ್ತನೆಯ ವರ್ಷಕ್ಕೆ ಸ್ಟ್ಯಾಂಪು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಚಿತ್ರ ಬಿಡಿಸುವವರು ಮತ್ತು ಶಿಲ್ಪ ಮಾಡುವವರು ಸೇರಿ ಒಂದು ಊರನ್ನೇ ಕಟ್ಟಿ, ಅದನ್ನು ಅರವತ್ತು ವರ್ಷ ಉಳಿಸಿಕೊಂಡಿದ್ದಾರೆ ಎಂದರೆ ಅದರ ಲೆಕ್ಕಪತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಹೊಗಳಿಕೆ ಆಮೇಲೆ.

ಕಥೆ ಶುರುವಾಗುವುದು ಇಂಜಂಬಾಕ್ಕಂನಲ್ಲಿ ಅಲ್ಲ, ಮದರಾಸಿನ ಪೂನಮಲ್ಲಿ ಹೈರೋಡಿನ ಕಲಾ ಕಾಲೇಜಿನಲ್ಲಿ. ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಖಾಸಗಿಯಾಗಿ ತೆರೆದ ಶಾಲೆ ಅದು. ಎರಡೇ ವರ್ಷದಲ್ಲಿ ಸರ್ಕಾರದ ಕೈಗೆ ಬಂತು. ಕುಶಲಕರ್ಮಿಗಳನ್ನು ತಯಾರು ಮಾಡುವುದು ಅದರ ಮೂಲ ಕೆಲಸ: ಕುಂಬಾರಿಕೆ, ಲೋಹದ ಕೆಲಸ, ಬಟ್ಟೆಯ ಮೇಲಿನ ವಿನ್ಯಾಸ. 1929ರಲ್ಲಿ ಬಂಗಾಳದ ದೇವಿಪ್ರಸಾದ್ ರಾಯ್ ಚೌಧುರಿ ಅದರ ಮುಖ್ಯಸ್ಥರಾಗಿ ಬಂದರು. ಮರೀನಾ ಕಡಲ ದಂಡೆಯಲ್ಲಿ ಬಂಡೆಗೆ ಹೆಗಲುಕೊಟ್ಟು ನಿಂತ ಕಾರ್ಮಿಕರ ಶಿಲ್ಪ ಅವರದೇ. ಅವರ ಕಾಲದಲ್ಲಿ ಆ ಶಾಲೆ ಕುಶಲಕರ್ಮಿಗಳ ಜಾಗದಿಂದ ಕಲಾವಿದರ ಜಾಗವಾಯಿತು. ಅದರ ಜೊತೆಗೇ ಒಂದು ತೊಡಕೂ ಬಂತು: ಚಿತ್ರಕಲೆಯ ವಿದ್ಯಾರ್ಥಿ ಮೇಲು, ಮಡಕೆ ಮಾಡುವ ವಿಭಾಗದವನು ಕೆಳಗೆ. ಒಂದೇ ಕಾಂಪೌಂಡಿನೊಳಗೆ ಎರಡು ಪಂಕ್ತಿ.

ರಾಯ್ ಚೌಧುರಿಯವರ ಶಿಷ್ಯ ಕೆ.ಸಿ.ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಮಲಯಾಳಿ. ಕಲಾಶಾಲೆಗೆ ಸೇರುವ ಮೊದಲು ತಂತಿ ಇಲಾಖೆಯಲ್ಲಿ ಕೆಲಸ ಮಾಡಿದ್ದವರು. ತಿಂಗಳ ಕೊನೆಯ ವಾರ ಹೇಗಿರುತ್ತದೆಂದು ಬಲ್ಲವರು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಮುಂದೆ ಅವರು ಮಾಡಿದ್ದರಲ್ಲಿ ಕಲಾವಿದನ ಕನಸಿನಷ್ಟೇ ಗುಮಾಸ್ತನ ಲೆಕ್ಕಾಚಾರವೂ ಇದೆ. 1944ರಲ್ಲಿ ಅವರು ಮದರಾಸಿನಲ್ಲಿ ಪ್ರೊಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ ಕಟ್ಟಿದರು. ಮುಂಬಯಿಯಲ್ಲಿ ಸೂಜಾ, ರಝಾ, ಹುಸೇನ್ ಮೊದಲಾದವರ ಪ್ರೊಗ್ರೆಸಿವ್ ಗುಂಪು ಹುಟ್ಟಿದ್ದು ಅದಕ್ಕೆ ಮೂರು ವರ್ಷದ ಆಮೇಲೆ. ಮುಂಬಯಿಯ ಗುಂಪಿಗೆ ಹೆಸರು ಹೆಚ್ಚು, ಆಯಸ್ಸು ಕಡಿಮೆ. 1949ರಲ್ಲಿ ಸೂಜಾ ಲಂಡನ್ನಿಗೆ, ಮರುವರ್ಷ ರಝಾ ಪ್ಯಾರಿಸ್ಸಿಗೆ ಹೊರಟುಹೋದ ಮೇಲೆ ಅದು ಹೆಚ್ಚು ದಿನ ಬಾಳಲಿಲ್ಲ. ಮದರಾಸಿನದು ಸದ್ದಿಲ್ಲದೆ ನಡೆಯಿತು. 1961ರಿಂದ 'ಆರ್ಟ್‌ಟ್ರೆಂಡ್ಸ್' ಎಂಬ ಪುಟ್ಟ ಪತ್ರಿಕೆಯನ್ನೂ ತಂದಿತು.

ಪಣಿಕ್ಕರ್ 1957ರಲ್ಲಿ ಕಾಲೇಜಿನ ಪ್ರಾಂಶುಪಾಲರಾದರು. ಆಗ ಅವರ ಕಣ್ಣಿಗೆ ಬಿದ್ದದ್ದು ವರ್ಷ ವರ್ಷವೂ ಮರುಕಳಿಸುವ ಒಂದು ನೋಟ. ತಮಿಳುನಾಡು, ಕೇರಳ, ಆಂಧ್ರ, ಮೈಸೂರು ಸೀಮೆಯ ಸಣ್ಣ ಊರುಗಳಿಂದ ಹುಡುಗರು ಬರುತ್ತಾರೆ, ಐದಾರು ವರ್ಷ ಮೈಮರೆತು ಕೆಲಸ ಮಾಡುತ್ತಾರೆ, ಡಿಪ್ಲೊಮಾ ಹಿಡಿದು ಗೇಟಿನಿಂದ ಹೊರಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಯಾರೋ ಡ್ರಾಯಿಂಗ್ ಮೇಷ್ಟ್ರಾಗುತ್ತಾರೆ, ಯಾರೋ ಜಾಹೀರಾತು ಕಂಪನಿಗೆ ಸೇರುತ್ತಾರೆ, ಯಾರೋ ಕೈಮಗ್ಗದ ವಿನ್ಯಾಸ ಕೇಂದ್ರಕ್ಕೆ. ಕುಂಚ ಅಟ್ಟಕ್ಕೆ. ಮದರಾಸಿನಲ್ಲಿ ಆಗ ಸಂಗೀತಕ್ಕೆ ಸಭೆಗಳಿದ್ದವು, ಮಾರ್ಗಶಿರದ ಕಚೇರಿಗಳಿದ್ದವು, ಸಿನಿಮಾಕ್ಕೆ ಕೋಡಂಬಾಕ್ಕಂ ಇತ್ತು. ಚಿತ್ರ ಕೊಳ್ಳುವ ಮನೆಗಳು ಮಾತ್ರ ಬೆರಳೆಣಿಕೆಯಷ್ಟು. ಖಾಸಗಿ ಗ್ಯಾಲರಿ ಎಂಬುದು ಇಲ್ಲವೆನ್ನುವಷ್ಟು ಅಪರೂಪ. ಮುಂಬಯಿಗೆ 1952ರಲ್ಲೇ ಜಹಾಂಗೀರ್ ಗ್ಯಾಲರಿ ಬಂದಿತ್ತು, ಯುರೋಪಿನಿಂದ ವಲಸೆ ಬಂದ ಕಲಾರಸಿಕರು ಅಲ್ಲಿ ಹುಡುಗರ ಬೆನ್ನಿಗೆ ನಿಂತಿದ್ದರು. ಮದರಾಸಿಗೆ ಅಂಥ ಋಣಾನುಬಂಧ ಇರಲಿಲ್ಲ.

ಇಂಥ ಸ್ಥಿತಿಯಲ್ಲಿ ನಾವಾದರೆ ಏನು ಮಾಡುತ್ತಿದ್ದೆವು? ಮನವಿ ಪತ್ರ ಬರೆಯುತ್ತಿದ್ದೆವು. ಸಚಿವರನ್ನು ಕಂಡು, ಹಾರ ಹಾಕಿ, ಮಾಸಾಶನ ಕೇಳುತ್ತಿದ್ದೆವು. ಪಣಿಕ್ಕರ್ ಕಾಲೇಜಿನ ಹಿಂಬದಿಯ ಶೆಡ್ಡುಗಳ ಕಡೆ ನೋಡಿದರು. ಚಿತ್ರಕಲೆಯವರು ಮೂಗು ಮುರಿಯುತ್ತಿದ್ದ ಕರಕುಶಲ ವಿಭಾಗಗಳ ಕಡೆ.

1963ರ ಸುಮಾರಿಗೆ ಹಿರಿಯ ವಿದ್ಯಾರ್ಥಿಗಳು, ಹೊಸದಾಗಿ ಹೊರಬಿದ್ದವರು ಮತ್ತು ಕೆಲವು ಅಧ್ಯಾಪಕರನ್ನು ಸೇರಿಸಿ ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಷನ್ ಎಂಬುದು ರೂಪುಗೊಂಡಿತು. ಹೆಸರಿನಲ್ಲಿ ಆರ್ಟಿಸ್ಟ್ ಮೊದಲು, ಹ್ಯಾಂಡಿಕ್ರಾಫ್ಟ್ ನಂತರ. ಆದರೆ ದುಡಿದದ್ದು ಎರಡನೆಯದು. ಸಂಜೆ ಹೊತ್ತು, ರಜೆಯ ದಿನ, ಸಿಕ್ಕ ಬಿಡುವಿನಲ್ಲಿ ಎಲ್ಲರೂ ಸೇರಿ ಮಾರಾಟಕ್ಕೆ ಬೇಕಾದ ವಸ್ತು ಮಾಡಬೇಕು. ಬಂದ ಹಣದಲ್ಲಿ ಮಾಡಿದವನಿಗೆ ಒಂದು ಪಾಲು, ಸಂಘಕ್ಕೆ ಒಂದು ಪಾಲು. ಚರ್ಮದ ಕೆಲಸ, ಲೋಹದ ಕೆಲಸ, ಮಣ್ಣಿನ ಕೆಲಸ ಎಲ್ಲವೂ ನಡೆಯಿತು, ಕೈಹಿಡಿದದ್ದು ಬಾಟಿಕ್.

ಬಾಟಿಕ್ ಮಾಡುವುದನ್ನು ನೋಡದವರಿಗೆ ನಾಲ್ಕು ಮಾತು. ಜೇನುಮೇಣಕ್ಕೆ ಪ್ಯಾರಾಫಿನ್ ಮೇಣ ಬೆರೆಸಿ ಒಲೆಯ ಮೇಲೆ ಕರಗಿಸಬೇಕು. ಆರುವ ಮೊದಲೇ ಕುಂಚದಿಂದ ಬಟ್ಟೆಯ ಮೇಲೆ ಬರೆಯಬೇಕು. ಮೇಣ ಕೂತ ಕಡೆ ಬಣ್ಣ ಹಿಡಿಯುವುದಿಲ್ಲ. ಮೊದಲು ಹಳದಿಯಲ್ಲಿ ಅದ್ದಿ, ಒಣಗಿಸಿ, ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ ಹಚ್ಚಿ, ಕೆಂಪಿನಲ್ಲಿ ಅದ್ದಿ, ಮತ್ತೆ ಮೇಣ, ಕೊನೆಗೆ ಕಪ್ಪು ಅಥವಾ ಕಡುಗಂದು. ತಿಳಿಯಿಂದ ಗಾಢಕ್ಕೆ ಹೋಗಬಹುದೇ ಹೊರತು ಹಿಂದಕ್ಕೆ ಬರುವ ಹಾಗಿಲ್ಲ. ಬಣ್ಣದ ನೀರು ತಣ್ಣಗಿರಬೇಕು, ಬಿಸಿಯಾದರೆ ಮೇಣ ಕರಗಿ ಎಲ್ಲ ಹಾಳು. ಬಟ್ಟೆಯನ್ನು ಹಿಂಡುವಾಗ ಗಟ್ಟಿಯಾದ ಮೇಣ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಬಣ್ಣ ಇಳಿದು ನರಗಳಂಥ ಸಣ್ಣ ಗೆರೆಗಳು ಮೂಡುತ್ತವೆ. ಕೊನೆಯಲ್ಲಿ ಕುದಿವ ನೀರಿಗೆ ಹಾಕಿ ಮೇಣ ತೆಗೆದಾಗಲೇ ತಾನು ಮಾಡಿದ್ದೇನೆಂದು ಮಾಡಿದವನಿಗೂ ಗೊತ್ತಾಗುವುದು. ರೇಖೆ ಬಲ್ಲವನಿಗೆ ಇದಕ್ಕಿಂತ ಒಳ್ಳೆಯ ಕಸುಬು ಸಿಕ್ಕುವುದು ಕಷ್ಟ: ಬೇಗ ಬರೆಯಬೇಕು, ತಿದ್ದುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಕಚ್ಚಾ ಸಾಮಗ್ರಿ ಅಗ್ಗ. ಚಿತ್ರಕ್ಕೆ ನೂರು ರೂಪಾಯಿ ಕೊಡಲು ಹತ್ತು ಸಲ ಯೋಚಿಸುವ ಗೃಹಸ್ಥರು ಗೋಡೆಗೆ ತೂಗುಹಾಕುವ ಬಟ್ಟೆಗೆ, ಸೀರೆಗೆ, ಹಾಸುಹೊದಿಕೆಗೆ ಕೈಬಿಚ್ಚಿ ಕೊಡುತ್ತಾರೆ. ಮದರಾಸಿನಲ್ಲಿ ಈ ವಸ್ತುಗಳ ಪ್ರದರ್ಶನ ಇಟ್ಟಾಗ ಅವು ಬಿಸಿ ದೋಸೆಯಂತೆ ಖರ್ಚಾದವು.

ಬಂದ ಹಣವನ್ನು ಹಂಚಿಕೊಂಡು ಮನೆಗೆ ಹೋಗಿದ್ದರೆ ಇವತ್ತು ಈ ಲೇಖನ ಇರುತ್ತಿರಲಿಲ್ಲ. ಒಟ್ಟುಗೂಡಿದ ಮೊತ್ತದಲ್ಲಿ ಊರಾಚೆ, ಯಾರಿಗೂ ಬೇಡವಾಗಿದ್ದ ಕಡಲ ಬದಿಯ ಮರಳು ನೆಲವನ್ನು ಕೊಂಡರು. ಎಂಟು ಎಕರೆಯಿಂದ ಶುರುವಾಗಿ ಹತ್ತಿರ ಹತ್ತಿರ ಹತ್ತು ಎಕರೆ. ಸರ್ಕಾರದ ಮುಂದೆ ಕೈಯೊಡ್ಡಲಿಲ್ಲ, ಯಾವ ಜಮೀನ್ದಾರರ ದಾನವೂ ಅಲ್ಲ. ಮೂವತ್ತು–ನಲವತ್ತು ಮಂದಿ ಕಲಾವಿದರು ಮೇಣ ಕಾಯಿಸಿ ಕೊಂಡ ಭೂಮಿ. ಚೋಳರ ಸೀಮೆಯ ಕರಾವಳಿಗೆ ಇದ್ದ ಹಳೆಯ ಹೆಸರನ್ನೇ ಇಟ್ಟರು. ಇಂಗ್ಲಿಷರ ಬಾಯಲ್ಲಿ 'ಕೋರಮಂಡಲ್' ಆಗಿದ್ದ ಹೆಸರನ್ನು ತಿರುಗಿ ಚೋಳಮಂಡಲವೆಂದೇ ಕರೆದರು. ಅಲ್ಲಿ ಆಗ ಇದ್ದದ್ದು ಗಾಳಿಮರಗಳು, ಸ್ವಲ್ಪ ದೂರದಲ್ಲಿ ಬೆಸ್ತರ ಹಳ್ಳಿ, ಅಪರೂಪಕ್ಕೊಂದು ಬಸ್ಸು. ಮೊದಲ ಮನೆಗಳು ಗರಿ ಹೊದಿಸಿದ ಗುಡಿಸಲುಗಳು.

ಪಣಿಕ್ಕರ್ 1967ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಆ ಹೊತ್ತಿಗೆ ಅವರ 'ಪದಗಳು ಮತ್ತು ಸಂಕೇತಗಳು' ಸರಣಿ ಆರಂಭವಾಗಿ ನಾಲ್ಕು ವರ್ಷವಾಗಿತ್ತು: ಮಲಯಾಳಂ ಲಿಪಿಯಂಥ, ಜಾತಕದ ಕುಂಡಲಿಯಂಥ, ಓದಲಾಗದ ಬರಹ ತುಂಬಿದ ಚಿತ್ರಗಳು. ನಿವೃತ್ತಿಯ ನಂತರ, 1977ರಲ್ಲಿ ತೀರಿಕೊಳ್ಳುವವರೆಗೆ, ಅವರ ಬದುಕಿನ ಕೇಂದ್ರವೇ ಚೋಳಮಂಡಲವಾಯಿತು. ಸಾಮಾನ್ಯವಾಗಿ ನಮ್ಮ ಸಂಸ್ಥೆಗಳು ಸ್ಥಾಪಕರ ಜೊತೆಗೇ ಸಹಗಮನ ಮಾಡುತ್ತವೆ. ಇದು ಮಾಡಲಿಲ್ಲ. ಊರು ಪಣಿಕ್ಕರ್ ಅವರ ಆಸ್ತಿಯಾಗಿರಲಿಲ್ಲ, ಸಂಘದ್ದಾಗಿತ್ತು. ಹಾಗಾಗಿ ಅವರ ಹಿಂದೆ ಉಳಿದದ್ದು ಉತ್ತರಾಧಿಕಾರದ ಜಗಳವಲ್ಲ, ನಡೆಸಬೇಕಾದ ಒಂದು ವ್ಯವಸ್ಥೆ.

ಆ ವ್ಯವಸ್ಥೆ ಹೆಚ್ಚೇನೂ ಜಟಿಲವಲ್ಲ. ಪ್ರತಿ ಕಲಾವಿದನಿಗೂ ಅವನ ಮನೆ, ಅವನ ಸ್ಟುಡಿಯೋ. ಕಮ್ಯೂನ್ ಎಂಬ ಪದ ಈ ಊರಿಗೆ ಅಂಟಿಕೊಂಡಿದೆ. ಅದನ್ನು ಕೇಳಿ ಒಂದೇ ಅಡುಗೆಮನೆ, ಒಂದೇ ಪಂಕ್ತಿ ಎಂದುಕೊಂಡರೆ ತಪ್ಪು. ಒಲೆ ಬೇರೆ ಬೇರೆ, ಗ್ಯಾಲರಿ ಒಂದೇ. ವರ್ಷವಿಡೀ ತೆರೆದಿರುವ ಸಾಮೂಹಿಕ ಪ್ರದರ್ಶನ ಶಾಲೆಯಲ್ಲಿ ಎಲ್ಲರ ಕೃತಿಗಳೂ ಇರುತ್ತವೆ, ಮಾರಾಟವನ್ನು ಸಂಘ ನೋಡಿಕೊಳ್ಳುತ್ತದೆ. ಬಯಲು ರಂಗಮಂದಿರವೊಂದನ್ನು ಕಟ್ಟಿಕೊಂಡರು. ನಾಟಕ, ಕಾವ್ಯ ವಾಚನ, ಸಂಗೀತ ಅಲ್ಲಿ ನಡೆದವು. ಹೊರಗಿನಿಂದ ಬಂದ ಕಲಾವಿದರು ಉಳಿದು ಕೆಲಸ ಮಾಡಲು ಕೋಣೆಗಳಾದವು. ವಿಮರ್ಶಕ ಜೋಸೆಫ್ ಜೇಮ್ಸ್ ಹತ್ತಿರವಿದ್ದು ಬರೆದರು. ಊರಿನ ಕಲಾವಿದರಿಗೆ ಚಿತ್ರ ಮಾರುವವರಷ್ಟೇ ಅಲ್ಲ, ಚಿತ್ರದ ಬಗ್ಗೆ ಖಡಾಖಂಡಿತವಾಗಿ ಮಾತಾಡುವವರೂ ಸಿಕ್ಕರು. ಎರಡನೆಯ ಭಾಗ್ಯ ಮೊದಲನೆಯದಕ್ಕಿಂತ ದುರ್ಲಭ.

ಇನ್ನೊಂದು ಸಂಗತಿಯನ್ನು ಯಾರೂ ಮುಂಚಿತವಾಗಿ ಯೋಜಿಸಿದ್ದಲ್ಲ. ಹೊಟ್ಟೆಪಾಡಿಗೆಂದು ಹಿಡಿದ ಕಸುಬು ಮೆಲ್ಲಗೆ ಕಲೆಯ ಒಳಗೇ ಬಂದು ಕೂತಿತು. ಎಸ್. ನಂದಗೋಪಾಲ್ ಅವರ ಬೆಸುಗೆ ಹಾಕಿದ ತಾಮ್ರ ಹಿತ್ತಾಳೆಯ ಶಿಲ್ಪಗಳು, ಎಸ್.ಜಿ. ವಾಸುದೇವ್ ಮತ್ತು ಎಂ. ಸೇನಾಧಿಪತಿಯವರ ತಾಮ್ರದ ತಗಡಿನ ಉಬ್ಬು ಕೆಲಸಗಳು, ಇವೆಲ್ಲ ಕರಕುಶಲದ ಬೆಂಚಿನಿಂದ ಎದ್ದುಬಂದವು. ದೇವಸ್ಥಾನದ ಪ್ರಭಾವಳಿ, ಕವಚ, ದೀಪ ಮಾಡುವವರ ಕೈಚಳಕ ಆಧುನಿಕ ಶಿಲ್ಪಕ್ಕೆ ಬಂತು. 'ಮದ್ರಾಸ್ ಮೂವ್‌ಮೆಂಟ್' ಎಂದು ಕಲಾ ಇತಿಹಾಸಕಾರರು ಕರೆಯುವುದರ ಗುರುತೇ ಈ ರೇಖೆ ಮತ್ತು ಈ ಲೋಹ. ಸಂಜೆಯ ದುಡಿಮೆ ಹಗಲಿನ ಕೆಲಸವನ್ನು ತಿಂದುಹಾಕುತ್ತದೆ ಎಂಬ ಭಯ ಅಲ್ಲಿಯೂ ಇದ್ದಿರಬೇಕು. ತಿಂದದ್ದೂ ಉಂಟು, ಉಣಿಸಿದ್ದೂ ಉಂಟು.

ಇಲ್ಲಿ ಕನ್ನಡದ ಎಳೆ ಬರುತ್ತದೆ. ನಂದಗೋಪಾಲ್ ಪಣಿಕ್ಕರ್ ಅವರ ಮಗ. ಹುಟ್ಟಿದ್ದು ಮಾತ್ರ ಬೆಂಗಳೂರಿನಲ್ಲಿ, 1946ರಲ್ಲಿ. ವಾಸುದೇವ್ ಪೂರ್ತಿ ನಮ್ಮವರು: 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದುತ್ತಿದ್ದಾಗ ಅವರ ರೇಖಾಚಿತ್ರಗಳನ್ನು ಕಂಡ ಕಲಾ ವಿಮರ್ಶಕ ಜಿ. ವೆಂಕಟಾಚಲಂ ಅವರ ಪ್ರೋತ್ಸಾಹದಿಂದ 1960ರಲ್ಲಿ ಮದರಾಸಿನ ಕಾಲೇಜಿಗೆ ಸೇರಿದವರು. ಚೋಳಮಂಡಲ ಕಟ್ಟಿದ ಮೊದಲ ತಂಡದಲ್ಲಿ ಒಬ್ಬರು. ಅದೇ ವರ್ಷಗಳಲ್ಲಿ ಗಿರೀಶ ಕಾರ್ನಾಡರು ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನದ ಕಚೇರಿಯಲ್ಲಿದ್ದರು, ಸಂಜೆಗೆ ಮದ್ರಾಸ್ ಪ್ಲೇಯರ್ಸ್ ನಾಟಕ. ಈ ಬಳಗದಿಂದಲೇ 1970ರಲ್ಲಿ 'ಸಂಸ್ಕಾರ' ಚಿತ್ರ ಬಂತು. ಅದರ ಕಲಾ ನಿರ್ದೇಶಕರು ವಾಸುದೇವ್. ಕನ್ನಡದ ಹೊಸ ಅಲೆಯ ಸಿನಿಮಾದ ಚರಿತ್ರೆ ಬರೆಯುವಾಗ ಶೃಂಗೇರಿಯ ಬಳಿಯ ಅಗ್ರಹಾರ ನೆನೆಯುತ್ತೇವೆ, ಇಂಜಂಬಾಕ್ಕಂನ ಗರಿಯ ಗುಡಿಸಲು ನೆನೆಯುವುದಿಲ್ಲ. ಕನ್ನಡ ಸಿನಿಮಾ ಮಂದಿಗೆ ಆಗ ಮದರಾಸೆಂದರೆ ಕೋಡಂಬಾಕ್ಕಂ. ಕಡಲ ಬದಿಯಲ್ಲಿ ಇನ್ನೊಂದು ಮದರಾಸು ಇದ್ದದ್ದನ್ನು ಬಲ್ಲವರು ಕಡಿಮೆ.

ವಾಸುದೇವ್ ಅವರ ಪತ್ನಿ ಆರ್ನವಾಜ್ ಕೂಡ ಚೋಳಮಂಡಲದ ಕಲಾವಿದೆ. ಅವರೂ ಶಿಲ್ಪಿ ಅನಿಲಾ ಜೇಕಬ್ ಅವರೂ ಆ ಗಂಡಸರ ಗುಂಪಿನಲ್ಲಿದ್ದ ಕೆಲವೇ ಹೆಣ್ಣುಮಕ್ಕಳಲ್ಲಿ ಸೇರಿದವರು. ಊರಿನ ಚರಿತ್ರೆಯಲ್ಲಿ ಇದು ಒಂದು ಕೊರತೆ, ಅದನ್ನು ಅರವತ್ತರ ಸಂಭ್ರಮದಲ್ಲಿ ಮುಚ್ಚಿಡಬೇಕಾಗಿಲ್ಲ. 1988ರಲ್ಲಿ ಆರ್ನವಾಜ್ ತೀರಿಕೊಂಡರು. ಅದೇ ವರ್ಷ ವಾಸುದೇವ್ ಬೆಂಗಳೂರಿಗೆ ಮರಳಿದರು. ಬರುವಾಗ ಚೋಳಮಂಡಲದ ಪಾಠವನ್ನೂ ಜೊತೆಗೆ ತಂದರು ಎಂದು ನನ್ನ ಗ್ರಹಿಕೆ. ಆರ್ನವಾಜ್ ಹೆಸರಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುವ ದತ್ತಿ, 'ಅನನ್ಯ' ಸಂಸ್ಥೆಯ ಜೊತೆ ಸೇರಿ ಜನಸಾಮಾನ್ಯರಿಗೆ ಚಿತ್ರ ನೋಡುವುದನ್ನು ಕಲಿಸುವ 'ಅನನ್ಯ ದೃಶ್ಯ' ಕಾರ್ಯಕ್ರಮ, ನೇಕಾರರೊಬ್ಬರ ಜೊತೆಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೇಯ್ಗೆಗೆ ಇಳಿಸಿದ ಕೆಲಸ, ಮೂರರಲ್ಲೂ ಆ ಹಳೆಯ ಊರಿನ ವಾಸನೆ ಇದೆ.

ಊರು ಎಲ್ಲರನ್ನೂ ಕಾಪಾಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆ. ರಾಮಾನುಜಂ ಎಂಬ ಹುಡುಗ, ಮಾತು ತೊದಲುತ್ತಿದ್ದ, ಮನಸ್ಸು ಆಗಾಗ ಕೈತಪ್ಪುತ್ತಿದ್ದ ಅಪ್ರತಿಮ ರೇಖೆಯ ಕಲಾವಿದ, ಇಲ್ಲಿದ್ದ. ಕಪ್ಪು ಶಾಯಿಯಲ್ಲಿ ಅರಮನೆ, ಹಾವು, ರೆಕ್ಕೆಯ ಪ್ರಾಣಿ, ಅವುಗಳ ಮಧ್ಯೆ ಟೋಪಿ ಹಾಕಿಕೊಂಡ ತನ್ನದೇ ಆಕೃತಿ ಬಿಡಿಸುತ್ತಿದ್ದ. ಹೊರಗಿನ ಲೋಕದಲ್ಲಿ ಅವನಿಗೆ ಎಲ್ಲೂ ಜಾಗ ಸಿಗುವಂತಿರಲಿಲ್ಲ. ಇಲ್ಲಿ ಸಿಕ್ಕಿತು, ಅವನ ಅತ್ಯುತ್ತಮ ಕೆಲಸಗಳು ಇಲ್ಲಿ ಆದವು. 1973ರಲ್ಲಿ, ಮೂವತ್ತು ದಾಟಿ ಎರಡು ಮೂರು ವರ್ಷವಾಗಿದ್ದಾಗ, ತಾನೇ ಜೀವ ಕಳೆದುಕೊಂಡ. ಗೆಳೆಯರು, ಸೂರು, ಮಾರಾಟದ ವ್ಯವಸ್ಥೆ ಇಷ್ಟರಿಂದ ಆಗದ್ದೂ ಇದೆ. ಅವನ ಚಿತ್ರಗಳು ಇವತ್ತು ದೊಡ್ಡ ದೊಡ್ಡ ಸಂಗ್ರಹಗಳಲ್ಲಿವೆ.

ಬಿಟ್ಟುಹೋದವರೂ ಇದ್ದಾರೆ. ಅಕ್ಕಿತ್ತಂ ನಾರಾಯಣನ್, ವಿ. ವಿಶ್ವನಾಥನ್ ಅರವತ್ತರ ದಶಕದ ಕೊನೆಗೆ ಪ್ಯಾರಿಸ್ಸಿಗೆ ಹೋಗಿ ಅಲ್ಲೇ ನೆಲೆಸಿದರು. ವಿಶ್ವನಾಥನ್ ಚೋಳಮಂಡಲದ ಮನೆಯನ್ನು ಬಿಡಲಿಲ್ಲ, ಬಂದುಹೋಗಿ ಮಾಡುತ್ತ ಇದ್ದರು. ಬಂದವರಲ್ಲಿ ಜೆ. ಸುಲ್ತಾನ್ ಅಲಿ ಇದ್ದಾರೆ: 1920ರಲ್ಲಿ ಹುಟ್ಟಿದ, ಉಳಿದವರಿಗಿಂತ ಹಿರಿಯ, ರಿಷಿವ್ಯಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದ ಕಲಾವಿದ. ಹರಿದಾಸನ್, ಪಿ. ಗೋಪಿನಾಥ್, ಜಯಪಾಲ ಪಣಿಕ್ಕರ್, ಪಿ.ಎಸ್. ನಂದನ್, ಪರಮಶಿವಂ, ಡಗ್ಲಸ್... ಹೆಸರುಗಳ ಪಟ್ಟಿ ಉದ್ದವಿದೆ. ಗಮನಿಸಬೇಕಾದದ್ದು ಒಂದೇ: ಇವರು ಯಾರೂ ಒಬ್ಬರಂತೆ ಒಬ್ಬರು ಚಿತ್ರ ಬಿಡಿಸಲಿಲ್ಲ. ಒಟ್ಟಿಗೆ ಬಾಳುವುದಕ್ಕೆ ಒಂದೇ ಶೈಲಿ, ಒಂದೇ ಘೋಷಣೆ ಬೇಕೆಂದು ಪಣಿಕ್ಕರ್ ಕೇಳಲಿಲ್ಲ. ನಮ್ಮ ಸಾಹಿತ್ಯ ಸಂಘಟನೆಗಳು ಪ್ರಣಾಳಿಕೆಯ ಒಂದು ವಾಕ್ಯದ ಮೇಲೆ ಒಡೆಯುತ್ತವಲ್ಲ, ಇಲ್ಲಿ ಒಡೆಯಲು ಅಂಥ ವಾಕ್ಯವೇ ಇರಲಿಲ್ಲ. ನೀರು, ಬೇಲಿ, ದೀಪ, ಪಾಲು: ಜಗಳವಾದರೂ ಇವುಗಳ ಮೇಲೆ ಆಗಬೇಕು, ಇಂಥ ಜಗಳಗಳು ಬಗೆಹರಿಯುತ್ತವೆ.

ಕರ್ನಾಟಕದಲ್ಲಿ ನಾವು ಬೇರೆ ದಾರಿ ಹಿಡಿದೆವು. ನಮ್ಮ ಕಲಾವಿದರ ಸೂರು ಹಳ್ಳಿಯಲ್ಲ, ಶಾಲೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾ ಮಂದಿರ, ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ: ಒಬ್ಬ ಮೇಷ್ಟ್ರು, ಬಾಡಿಗೆಯದೋ ಸ್ವಂತದ್ದೋ ಒಂದು ಕಟ್ಟಡ, ಶುಲ್ಕ ಕೊಡಲಾಗದ ಹುಡುಗರಿಗೆ ಅಲ್ಲೇ ಚಾಪೆ. ಡ್ರಾಯಿಂಗ್ ಮಾಸ್ಟರ್ ಪರೀಕ್ಷೆ ಪಾಸು ಮಾಡಿಕೊಂಡರೆ ಹೈಸ್ಕೂಲಿನಲ್ಲಿ ನೌಕರಿ. ಆ ನೌಕರಿಯ ಸಂಬಳವೇ ಉತ್ತರ ಕರ್ನಾಟಕದ ಎರಡು ತಲೆಮಾರಿನ ಚಿತ್ರಕಲೆಯನ್ನು ಸಾಕಿತು. ಬೆಂಗಳೂರಿನ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿ, ಎಂ.ಎಸ್. ನಂಜುಂಡರಾಯರ ಹಟದಿಂದ ಕುಮಾರಕೃಪಾ ರಸ್ತೆಯಲ್ಲಿ ಬೇರುಬಿಟ್ಟು, ಕಾಲೇಜು, ಗ್ಯಾಲರಿ, ತೊಗಲುಗೊಂಬೆಗಳ ಸಂಗ್ರಹ ಎಲ್ಲವನ್ನೂ ಕಟ್ಟಿತು. ಅದರ ಚಿತ್ರಸಂತೆ ವರ್ಷಕ್ಕೊಮ್ಮೆ ಒಂದು ಭಾನುವಾರ ರಸ್ತೆಯನ್ನೇ ಅಂಗಡಿಯಾಗಿಸುತ್ತದೆ. ನೂರು ರೂಪಾಯಿಯ ರೇಖಾಚಿತ್ರದಿಂದ ಲಕ್ಷದ ಕ್ಯಾನ್ವಾಸಿನವರೆಗೆ ಕಲಾವಿದನ ಕೈಯಿಂದ ಕೊಳ್ಳುವವನ ಕೈಗೆ, ನಡುವೆ ದಲ್ಲಾಳಿ ಇಲ್ಲ. 2021ರಲ್ಲಿ ಕೊರೊನಾ ಕಾಲದಲ್ಲಿ ಆನ್‌ಲೈನಿನಲ್ಲಾದರೂ ನಡೆಸಿದರು. ಒಳ್ಳೆಯ ಕೆಲಸ. ಆದರೆ ಸಂತೆ ಸಂಜೆಗೆ ಮುಗಿಯುತ್ತದೆ. ಮರುದಿನ ಸೋಮವಾರ, ಬಾಡಿಗೆ ಮನೆ, ಬಣ್ಣದ ಅಂಗಡಿಯ ಬಾಕಿ.

ಶಾಲೆ ಒಂದು ಕಾಲಕ್ಕೆ ಸಾಕಾಗಿತ್ತು. ಡ್ರಾಯಿಂಗ್ ಮೇಷ್ಟ್ರ ಹುದ್ದೆಗಳೇ ಖಾಲಿ ಬಿದ್ದು ತುಂಬದೆ ಹೋದ ಮೇಲೆ ಆ ಏಣಿ ಮುರಿಯಿತು. ಸರ್ಕಾರ ಕೊಟ್ಟ ಜಾಗಗಳ ಮೇಲೆ ಪೂರ್ತಿ ಭಾರ ಹಾಕುವುದೂ ಕಷ್ಟ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಕಡಿಮೆ ಬಾಡಿಗೆಗೆ ಯಾವ ಕಲಾವಿದನಿಗೂ ಸಿಗುತ್ತಿದ್ದ ಗೋಡೆ. ಅದರ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಒಪ್ಪಂದ ಬಂದಾಗ 2016ರಲ್ಲಿ ಕಲಾವಿದರು ಅದರ ಮುಂದೆ ಸಾಲುಗಟ್ಟಿ ನಿಂತು ಪ್ರತಿಭಟಿಸಬೇಕಾಯಿತು. ಜಾಗ ತಮ್ಮದೆಂದು ಅವರು ತಿಳಿದಿದ್ದರು, ಕಾಗದದಲ್ಲಿ ಇರಲಿಲ್ಲ. ಚೋಳಮಂಡಲದವರಿಗೆ ಕಾಗದ ಇತ್ತು. ನನ್ನ ಮಟ್ಟಿಗೆ ಎರಡು ರಾಜ್ಯಗಳ ಚರಿತ್ರೆಯ ವ್ಯತ್ಯಾಸ ಇಷ್ಟೇ.

ಹಾಗೆಂದು ಚೋಳಮಂಡಲವನ್ನು ನಕಲು ಮಾಡಿ ಎಂದು ಯಾರಿಗೂ ಹೇಳಲಾರೆ. ಅವರು ಕೊಂಡ ಬೆಲೆಗೆ ಇವತ್ತು ಯಾವ ನಗರದ ಬಳಿಯೂ ಒಂದು ಬಾವಿಯಷ್ಟು ಜಾಗ ಬರುವುದಿಲ್ಲ. ಕಡಲ ರಸ್ತೆ ಅಗಲವಾಗಿ ಈಸ್ಟ್ ಕೋಸ್ಟ್ ರೋಡ್ ಆದ ಮೇಲೆ ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂತು. ಮರಳಿನ ಮೇಲೆ ಗುಡಿಸಲು ಹಾಕಿದ ಬಡ ಕಲಾವಿದರು ನಗರದ ದುಬಾರಿ ನೆಲದ ನಡುವೆ ಮುದುಕರಾದರು. ಅದು ಊರನ್ನು ಉಳಿಸಿತು, ಅದೇ ಊರನ್ನು ಮುಚ್ಚಿತು ಕೂಡ: ಮೊದಲ ತಲೆಮಾರಿಗೆ ಸಿಕ್ಕಂತೆ ಇಪ್ಪತ್ತೈದರ ಹುಡುಗಿಯೊಬ್ಬಳು ಡಿಪ್ಲೊಮಾ ಹಿಡಿದು ಬಂದು ಇಲ್ಲಿ ಸ್ವಂತ ಗುಡಿಸಲು ಹಾಕಲು ಈಗ ಜಾಗವಿಲ್ಲ. ಗ್ಯಾಲರಿಗಳು, ಹರಾಜುಗಳು ಬಂದು ಚಿತ್ರಕ್ಕೇ ಬೆಲೆ ಬಂದ ಮೇಲೆ ಬಾಟಿಕ್‌ನ ಒಲೆಯೂ ಆರಿತು. ಸಂಘದ ಪ್ರಾಣವಾಗಿದ್ದ ಸಂಜೆಯ ಸಾಮೂಹಿಕ ದುಡಿಮೆ ಅದರ ಜೊತೆಗೇ ಹೋಯಿತು. ಬಡತನ ಹೋದದ್ದಕ್ಕೆ ಯಾರೂ ದುಃಖಪಡಬಾರದು, ಆದರೂ ಇದನ್ನು ಬರೆದಿಡಬೇಕು.

ಮುಚ್ಚಿಹೋಗುವ ಬದಲು ಹಿರಿಯರು ಬೇರೊಂದು ಬಾಗಿಲು ತೆರೆದರು. ನಂದಗೋಪಾಲ್ ಮುಂದೆ ನಿಂತು ದುಡಿದ ಫಲವಾಗಿ 2009ರಲ್ಲಿ ಚೋಳಮಂಡಲ ಸಮಕಾಲೀನ ಕಲಾ ಕೇಂದ್ರ ಆರಂಭವಾಯಿತು. ಅದರೊಳಗೆ ಪಣಿಕ್ಕರ್ ಹೆಸರಿನ ಮದ್ರಾಸ್ ಮೂವ್‌ಮೆಂಟಿನ ವಸ್ತುಸಂಗ್ರಹಾಲಯ. ಪಕ್ಕದಲ್ಲಿ ಇಂಡಿಗೋ ಮತ್ತು ಲ್ಯಾಬರ್ನಮ್ ಎಂಬ ಎರಡು ಗ್ಯಾಲರಿಗಳು, ಊರಿನವರಲ್ಲದ ಕಿರಿಯ ಕಲಾವಿದರೂ ಬಾಡಿಗೆಗೆ ಪಡೆದು ಪ್ರದರ್ಶನ ಇಡಬಹುದಾದವು. ಹೊರಗೆ ಶಿಲ್ಪೋದ್ಯಾನ. ಜಾಗ ಕೊಡಲಾಗದಿದ್ದರೆ ಗೋಡೆಯಾದರೂ ಕೊಡೋಣ ಎಂಬ ಲೆಕ್ಕ. ನಂದಗೋಪಾಲ್ 2017ರಲ್ಲಿ ತೀರಿಕೊಂಡರು. ಮೊದಲ ತಂಡದಲ್ಲಿ ಉಳಿದವರು ಈಗ ಎಂಬತ್ತರ ಆಸುಪಾಸಿನವರು.

ನಾನು ಮೊದಲ ಸಲ ಹೋದಾಗ ವಸ್ತುಸಂಗ್ರಹಾಲಯವನ್ನು ನೋಡಿ ಹೊರಟುಬಿಡುವವನಿದ್ದೆ. ಬಹುಪಾಲು ಪ್ರವಾಸಿಗಳು ಹಾಗೆಯೇ ಮಾಡುತ್ತಾರೆ: ಚಿತ್ರ ನೋಡಿ, ಶಿಲ್ಪದ ಪಕ್ಕ ನಿಂತು ಫೋಟೋ ತೆಗೆದು, ಕಾಫಿ ಕುಡಿದು ಮಹಾಬಲಿಪುರಕ್ಕೆ. ಹಿಂದಿನ ಓಣಿಗಳಲ್ಲಿ ನಡೆದಾಗ ಮಾತ್ರ ಅದು ಊರೆಂದು ತಿಳಿಯಿತು. ಒಣಹಾಕಿದ ಬಟ್ಟೆ, ಅರ್ಧ ಕೆತ್ತಿ ಬಿಟ್ಟ ಕಲ್ಲು, ಸೈಕಲ್ಲು, ಸಾಂಬಾರಿನ ಒಗ್ಗರಣೆಯ ವಾಸನೆ. ಹೋದವರು ಅಲ್ಲಿಯೂ ನಡೆಯಬೇಕು. ಬಾಗಿಲು ತೆರೆದಿದ್ದರೆ ಮಾತಾಡಿಸಬೇಕು, ಮುಚ್ಚಿದ್ದರೆ ಸುಮ್ಮನೆ ಬರಬೇಕು.

ಈ ಸಂಚಿಕೆ ಓದುವ ಕನ್ನಡದ ಮನೆಗಳಲ್ಲಿ ಒಂದು ಕೋರಿಕೆ. ಅರವತ್ತು–ಎಪ್ಪತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ಧಾರವಾಡದಿಂದ ಮದರಾಸಿಗೆ ನೌಕರಿಗೆ, ಮದುವೆಗೆ, ಡಿಸೆಂಬರಿನ ಸಂಗೀತಕ್ಕೆ ಹೋಗಿಬಂದ ಕುಟುಂಬಗಳು ಸಾವಿರಾರು. ಅಜ್ಜಿಯ ಟ್ರಂಕಿನ ತಳದಲ್ಲಿ ಎಲ್ಲಾದರೂ ಒಂದು ಬಾಟಿಕ್ ಸೀರೆ, ಗೋಡೆಗೆ ಹಾಕುತ್ತಿದ್ದ ಬಣ್ಣಗೆಟ್ಟ ಬಟ್ಟೆ ಇರಬಹುದು. ಪಾತ್ರೆಯವರಿಗೆ ಕೊಡಬೇಡಿ, ಬೆಡ್‌ಶೀಟಿನ ಜೊತೆ ಬ್ಲೀಚಿಂಗ್ ಪೌಡರಿಗೂ ಹಾಕಬೇಡಿ. ಎಲ್ಲಿ ಕೊಂಡದ್ದು, ಯಾವ ವರ್ಷ, ಎಷ್ಟು ಕೊಟ್ಟದ್ದು ಎಂದು ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಮಡಚಿಡಿ.